ಹಗ್ಗ ಬಿಚ್ಚದ ಹಡಗು

1979ರಲ್ಲಿ ಅಮೆರಿಕದ ನೌಕಾಪಡೆ ಒಂದು ವಿಚಿತ್ರ ಒಪ್ಪಂದಕ್ಕೆ ಕೈಹಾಕಿತು. ಆಗ ಡಿಸ್ಕೊ ಸಂಗೀತದಿಂದ ಮನೆಮಾತಾಗಿದ್ದ 'ವಿಲೇಜ್ ಪೀಪಲ್' ತಂಡದ 'ಇನ್ ದ ನೇವಿ' ಹಾಡನ್ನು ನೇಮಕಾತಿ ಪ್ರಚಾರಕ್ಕೆ ಪುಕ್ಕಟೆಯಾಗಿ ಪಡೆಯುವುದು, ಬದಲಿಗೆ ಹಾಡಿನ ಚಿತ್ರೀಕರಣಕ್ಕೆ ಯುದ್ಧನೌಕೆಯೊಂದನ್ನು ಒದಗಿಸುವುದು. ಸ್ಯಾನ್ ಡಿಯಾಗೊ ನೌಕಾನೆಲೆಯಲ್ಲಿದ್ದ 'ರೀಸನರ್' ಎಂಬ ಫ್ರಿಗೇಟ್ ಹಡಗನ್ನು ಕ್ಯಾಮೆರಾ ಏರಿತು. ಆ ದೇಶದಲ್ಲಿ ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತುಹೋಗಿತ್ತು. ಇನ್ನು ಹುಡುಗರನ್ನು ಒಲಿಸಿಯೇ ಕರೆತರಬೇಕಿತ್ತು.

ಉತ್ತರ ಕನ್ನಡದ ಕರಾವಳಿಯಲ್ಲಿ ನೆಲೆಸಿರುವ ನಿವೃತ್ತ ನಾವಿಕರೊಬ್ಬರಿಗೆ ಈ ಹಾಡನ್ನು ತೋರಿಸಿದವನು ಅವರ ಅಕ್ಕನ ಮಗ. ಪಿ.ಯು.ಸಿ. ಮುಗಿಸಿ ನೌಕಾಪಡೆ ಸೇರುವ ಹುರುಪಿನಲ್ಲಿದ್ದ ಹುಡುಗನಿಗೆ ಅದೊಂದು ಮೋಜಿನ ಹಾಡು. ಹದಿನೈದು ವರ್ಷ ಭಾರತೀಯ ನೌಕಾಪಡೆಯಲ್ಲಿ ಸ್ಟೋಕರ್ ಆಗಿ ದುಡಿದ ಮಾವ ಮಾತ್ರ ಕುಣಿತವನ್ನು ಬಿಟ್ಟು ಹಡಗನ್ನೇ ನೋಡಿದರು.

"ಹಡಗು ಧಕ್ಕೆ ಬಿಟ್ಟೇ ಇಲ್ಲವಲ್ಲೋ. ಹಗ್ಗ ಬಿಚ್ಚಿದ ಮೇಲೆ ಹೀಗೆ ಕುಣಿಯಲಿ ನೋಡೋಣ," ಎಂದು ನಕ್ಕರು. ಕಡಲೆಂದರೆ ಭಯ, ಹೊಟ್ಟೆ ತೊಳಸುತ್ತದೆ ಎಂಬ ತಮಾಷೆ ಆ ಹಾಡಿನಲ್ಲೇ ಬರುತ್ತದೆ. ಇಡೀ ಹಾಡಿನಲ್ಲಿ ನಿಜವಾದ ಮಾತು ಅದೊಂದೇ ಎಂಬುದು ಅವರ ತೀರ್ಪು.

ಅವರ ಇನ್ನೊಂದು ಆಕ್ಷೇಪ, ಯಾರೂ ಕೆಳಗೆ ಇಳಿಯುವುದಿಲ್ಲ ಎಂಬುದು. ರೀಸನರ್ ಉಗಿಯಿಂದ ಓಡುವ ಹಡಗು. ಮಾವ ದುಡಿದದ್ದೂ ಅಂಥದೇ ಉಗಿಹಡಗಿನಲ್ಲಿ. ಬಿಳಿ ಸಮವಸ್ತ್ರ, ಫಿರಂಗಿ, ಬಿಸಿಲು ಎಲ್ಲ ಮೇಲಿನ ಡೆಕ್ಕಿನ ವೈಭವ. ಹಡಗಿನ ಜೀವ ಇರುವುದು ಕೆಳಗೆ, ಬಾಯ್ಲರ್ ಕೋಣೆಯಲ್ಲಿ. ಮಧ್ಯರಾತ್ರಿ ಹನ್ನೆರಡರಿಂದ ಬೆಳಗಿನ ನಾಲ್ಕರವರೆಗಿನ ಪಾಳಿ, ಮೈಯಿಂದ ಇಳಿಯುವ ಬೆವರು, ಕಿವಿ ಗಡಚಿಕ್ಕುವ ಸದ್ದು, ಒಂದರ ಮೇಲೊಂದು ಜೋಡಿಸಿದ ಹಾಸಿಗೆಗಳು. ಬಂದರಿಗೆ ಬಂದಾಗಲೂ ಬಿಡುವಿಲ್ಲ. ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು. ಅವರ ಅಜ್ಜಿ ತೀರಿಕೊಂಡ ಸುದ್ದಿ ತಲುಪುವಾಗ ಹದಿಮೂರನೆಯ ದಿನದ ಕಾರ್ಯವೂ ಮುಗಿದಿತ್ತು.

ಹಾಗೆಂದು ಅವರಿಗೆ ಆ ಕೆಲಸದ ಮೇಲೆ ಬೇಸರವಿಲ್ಲ. ಜಾಹೀರಾತು ಕಷ್ಟವನ್ನು ಮುಚ್ಚಿಟ್ಟಿತೆಂಬುದು ಅವರ ದೂರೂ ಅಲ್ಲ. "ಒಳ್ಳೆಯದನ್ನೂ ಮುಚ್ಚಿಟ್ಟಿದ್ದಾರೆ ನೋಡು," ಎಂದರು. ಬಾಯ್ಲರಿನ ನೀರಿನ ಮಟ್ಟದ ಮೇಲೆ ಒಬ್ಬ ಹುಡುಗ ಕಣ್ಣಿಟ್ಟು ಕೂತಿರುತ್ತಾನೆ. ಅವನು ತೂಕಡಿಸಿದರೆ ಮೇಲಿರುವ ನೂರಾರು ಜನರಿಗೆ ಅಪಾಯ. ಊರಿನಲ್ಲಿ ಉಡಾಳನೆನಿಸಿಕೊಂಡವನೂ ಆ ಜಾಗದಲ್ಲಿ ಜವಾಬ್ದಾರಿಯ ಮನುಷ್ಯನಾಗುತ್ತಾನೆ. ಕುಣಿಸಿಯೇ ಹುಡುಗರನ್ನು ಸೆಳೆಯಬೇಕೆಂದವರಿಗೆ ಕೆಲಸದ ಮರ್ಯಾದೆಯ ಮೇಲೆ ನಂಬಿಕೆ ಇರಲಿಲ್ಲವೇನೋ.

ಆ ಹಡಗಿನ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಫ್ರಾಂಕ್ ರೀಸನರ್ ಎಂಬ ಮೆರೀನ್ ಅಧಿಕಾರಿ 1965ರಲ್ಲಿ ವಿಯಟ್ನಾಮಿನಲ್ಲಿ, ಗಾಯಗೊಂಡ ತನ್ನ ರೇಡಿಯೊ ಆಪರೇಟರನ ನೆರವಿಗೆ ಗುಂಡಿನ ಮಳೆಯಲ್ಲಿ ಓಡಿಹೋಗಿ ಪ್ರಾಣ ಬಿಟ್ಟವನು. ಅವನಿಗೆ ಆ ದೇಶದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಂದಿತು. ಅವನ ಹೆಸರು ಹೊತ್ತ ಡೆಕ್ಕಿನ ಮೇಲೆ ನಡೆದ ಆ ಕುಣಿತವನ್ನು ನೌಕಾಪಡೆ ಕಡೆಗೂ ನೇಮಕಾತಿಗೆ ಬಳಸಲಿಲ್ಲ. ಹಾಡು ಮಾತ್ರ ಲೋಕಪ್ರಸಿದ್ಧವಾಯಿತು. ಹಡಗು 1993ರಲ್ಲಿ ಟರ್ಕಿಯ ನೌಕಾಪಡೆಯ ಪಾಲಾಯಿತು.

ಹುಡುಗನ ತಾಯಿಗೆ ಇದೆಲ್ಲ ಬೇಕಿರಲಿಲ್ಲ. "ಕಳಿಸಲೋ ಬೇಡವೋ, ಅದೊಂದು ಹೇಳು ತಮ್ಮಾ," ಎಂದು ಕೇಳಿದರು. ತಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅರ್ಜಿ ತುಂಬುವ ಮೊದಲು ನಿಯಮಗಳನ್ನು ತಾಯಿ ಮಗ ಇಬ್ಬರೂ ಕೂತು ಓದಬೇಕೆಂದರು. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕು ವರ್ಷ. ಆಮೇಲೆ ಕಾಯಂ ಸೇವೆಗೆ ಉಳಿಯುವವರು ಪ್ರತಿ ತಂಡದಲ್ಲಿ ಶೇಕಡಾ 25ರವರೆಗೆ. ಹಾಗಾದರೆ ಉಳಿದವರ ಸಾಲಿನಲ್ಲಿ ತಾನು ನಿಂತರೆ ಐದನೆಯ ವರ್ಷ ಏನು ಮಾಡುವುದು? ಓದು ಮುಂದುವರಿಸುವುದು ಹೇಗೆ? ಮನೆಯಲ್ಲಿ ಸಾವು ನೋವು ಬಂದಾಗ ತಾನು ನಡುಗಡಲಲ್ಲಿದ್ದರೆ ತಾಳಿಕೊಳ್ಳುವ ಮನಸ್ಸಿದೆಯೇ? ಈ ಮೂರಕ್ಕೆ ಉತ್ತರ ಬರೆದು ತಾ ಎಂದು ಹುಡುಗನಿಗೆ ಹೇಳಿ ಕಳಿಸಿದರು.

ಮೂರು ದಿನ ಬಿಟ್ಟು ಹುಡುಗ ಒಂದು ಹಾಳೆ ತಂದುಕೊಟ್ಟ. ಎರಡು ಪ್ರಶ್ನೆಗಳಿಗೆ ಉತ್ತರವಿತ್ತು. ಮೂರನೆಯದರ ಎದುರಿಗೆ, 'ಅಮ್ಮನ ಹತ್ತಿರ ಇನ್ನೂ ಮಾತಾಡಿಲ್ಲ' ಎಂದು ಬರೆದಿದ್ದ. ಮಾವನಿಗೆ ಹೆಚ್ಚು ಹಿಡಿಸಿದ್ದು ಆ ಉತ್ತರವೇ.