ವಿಪ್ರೊದ ಲೆಕ್ಕ ಕಾದವರು

ಸುರೇಶ್ ಸೇನಾಪತಿ ವಿಪ್ರೊ ಸೇರಿದ್ದು 1980ರಲ್ಲಿ. ವನಸ್ಪತಿ, ಸಾಬೂನು ಮಾರುತ್ತಿದ್ದ ಕಂಪನಿ ಆಗಷ್ಟೇ ಕಂಪ್ಯೂಟರ್ ಕಡೆ ಕಣ್ಣು ಹಾಯಿಸಿತ್ತು. ಒಡಿಶಾದ ಈ ಚಾರ್ಟರ್ಡ್ ಅಕೌಂಟೆಂಟ್ ಅಲ್ಲಿಂದ ಕದಲಿದ್ದು 2015ರ ಮಾರ್ಚ್‌ನಲ್ಲಿ, ಹಣಕಾಸು ಮುಖ್ಯಸ್ಥರಾಗಿ ನಿವೃತ್ತರಾದಾಗ.

ನಡುವೆ ನಡೆದದ್ದು ಕಡಿಮೆಯೇನಲ್ಲ. 2000ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಪ್ರವೇಶ. 2007ರಲ್ಲಿ ಸುಮಾರು 60 ಕೋಟಿ ಡಾಲರ್‌ಗೆ ಅಮೆರಿಕದ ಇನ್ಫೋಕ್ರಾಸಿಂಗ್ ಖರೀದಿ. 2013ರಲ್ಲಿ ಸಾಬೂನು, ಬಲ್ಬು, ಹೈಡ್ರಾಲಿಕ್ಸ್ ಎಲ್ಲ ಬೇರೆ ಕಂಪನಿಗೆ ಹೋದವು. ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂತೆಂದರೆ, ಡಾಲರ್ ಏರಿಳಿತದಿಂದ ಲಾಭಕ್ಕೆಷ್ಟು ಪೆಟ್ಟು, ಮುಂದಿನ ತ್ರೈಮಾಸಿಕದ ಅಂದಾಜೇನು ಎಂಬ ವಿಶ್ಲೇಷಕರ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯೂ ಇವರದೇ.

ಕಪ್ಪುಚುಕ್ಕೆಯೂ ಇದೆ. ಹಣಕಾಸು ವಿಭಾಗದ ನೌಕರನೊಬ್ಬ ಸುಮಾರು 40 ಲಕ್ಷ ಡಾಲರ್ ಲಪಟಾಯಿಸಿದ ಸುದ್ದಿ 2010ರಲ್ಲಿ ಹೊರಬಿತ್ತು. ಅದೂ ಇವರ ಕಾಲದಲ್ಲೇ!

ವಿಪ್ರೊದಲ್ಲಿ ಅದರ ಒಡೆಯರಾದ ಪ್ರೇಮ್‌ಜಿ ಕುಟುಂಬ ಮತ್ತು ಅವರ ಸಂಸ್ಥೆಗಳ ಪಾಲು ಶೇ 70ಕ್ಕೂ ಹೆಚ್ಚು. ಇಂಥ ಕಡೆ ಯಜಮಾನರ ವಿಶ್ವಾಸವೂ ಬೇಕು, ಹತ್ತು ಷೇರು ಇಟ್ಟುಕೊಂಡವನಿಗೂ ಲೆಕ್ಕ ಒಪ್ಪಿಸಬೇಕು. ಈ ಎರಡನ್ನೂ ತೂಗಿಸಿಕೊಂಡು ಹೋಗುವುದು ಸಿಇಒ ಕೆಲಸಕ್ಕಿಂತ ಕಷ್ಟ ಅನ್ನಿಸುತ್ತದೆ. 2008ರಲ್ಲಿ ನೇಮಕವಾದ ಜೋಡಿ ಸಿಇಒಗಳು 2011ರಲ್ಲಿ ಹೊರನಡೆದರು. ಸೇನಾಪತಿ ಉಳಿದರು.

ಅವರ ಜಾಗಕ್ಕೆ ಬಂದವರು ಜತಿನ್ ದಲಾಲ್, ಅವರೂ ಆಗ ವಿಪ್ರೊದೊಳಗಿನವರೇ ಆಗಿದ್ದರು.