ಮಲ್ಲಿಗಿ ಬೇಕೋ, ಸಂಪಿಗಿ ಬೇಕೋ?

ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆಗೇ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟೆಲ್ಲ ಆದರೂ ನಮ್ಮ ಸೀಮೆಯ ಮಕ್ಕಳ ಆಟದ ಕಾಯಿದೆ ಒಂದಿಷ್ಟೂ ಅಲುಗಿಲ್ಲ. ನನಗೆ ಹೆಚ್ಚು ಇಷ್ಟವಾದದ್ದು ಅವರು ಆಟಕ್ಕೆ ಪಾರ್ಟಿ, ಅಂದರೆ ತಂಡ, ಮಾಡಿಕೊಳ್ಳುವ ರೀತಿ.

ಮೊದಲು ಇಬ್ಬರು ಲೀಡರ್ ಆಗಿ ನಿಲ್ಲುತ್ತಾರೆ. ಉಳಿದವರು ಸರಿಜೋಡಿ ಹುಡುಕಿಕೊಳ್ಳುತ್ತಾರೆ: ಓಟದಲ್ಲಿ ಚುರುಕಾದವನಿಗೆ ಅಂಥವನೇ, ಮೆತ್ತನೆಯವನಿಗೆ ಮೆತ್ತನೆಯವನೇ. ಜೋಡಿ ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬೊಬ್ಬರಿಗೂ ಒಂದು ಹೂವಿನ ಹೆಸರಿಟ್ಟುಕೊಂಡು ಬಂದು ಲೀಡರನ್ನು ಕೇಳುತ್ತದೆ: "ಮಲ್ಲಿಗಿ ಬೇಕೋ, ಸಂಪಿಗಿ ಬೇಕೋ?" ಮಲ್ಲಿಗೆಗೇ ಹೆಸರಾದ ಹಡಗಲಿ ಕಡೆಯ ಲೀಡರ್ ಮಲ್ಲಿಗೆಯನ್ನೇ ಕೇಳಿದರೆ ಆಶ್ಚರ್ಯವಿಲ್ಲ! ಅವನು ಆರಿಸುವುದು ಹೂವನ್ನು, ಹುಡುಗನನ್ನಲ್ಲ. ಹೀಗಾಗಿ ಯಾರಿಗೂ ಬೇಡದವನಾಗಿ ಕೊನೆಗೆ ಒಬ್ಬನೇ ನಿಲ್ಲುವ ಸಂಕಟ ಯಾವ ಮಗುವಿಗೂ ಇಲ್ಲ, ಬಲವೂ ಎರಡು ಕಡೆ ಸಮನಾಗಿ ಹಂಚಿಹೋಗುತ್ತದೆ. ಇದನ್ನು ಕಂಡುಹಿಡಿದ ಮಕ್ಕಳು ಯಾವ ಕಾಲದವರೋ, ಅವರಿಗೆ ಕೈ ಮುಗಿಯಬೇಕು.

ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಂದ ಅಕ್ಕನಿಗೂ ಇಲ್ಲಿ ಜಾಗವುಂಟು. ತಮ್ಮ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಔಟಾದರೂ ಆಡುತ್ತಲೇ ಇರುತ್ತಾನೆ, ಲಗೋರಿಯ ಚೆಂಡನ್ನು ಅವನ ಬೆನ್ನಿಗೆ ಯಾರೂ ಬಿರುಸಾಗಿ ಹೊಡೆಯುವುದಿಲ್ಲ. ಹಾಗೆ ಹೊಡೆಯಬಾರದೆಂದು ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ.

ಜಗಳವೂ ಆಗುತ್ತದೆ, ಆಗಬೇಕು ಕೂಡ. "ತಾಗೇತಿ", "ತಾಗಿಲ್ಲಲೇ" ಎಂದು ಗಂಟಲು ಹರಿಯುವಂತೆ ಕೂಗಾಡುತ್ತಾರೆ, ಒಬ್ಬ ಟೂ ಬಿಟ್ಟು ಕಟ್ಟೆ ಮೇಲೆ ಕೂರುತ್ತಾನೆ. ಆದರೆ ಆಳು ಕಡಿಮೆಯಾದರೆ ಆಟ ನಿಲ್ಲುತ್ತದಲ್ಲ, ಆದ್ದರಿಂದ ಕರೆಯಲು ಹೋಗಲೇಬೇಕು. ಹೋದವನು ಸೋಲುವುದನ್ನು ಕಲಿಯುತ್ತಾನೆ, ಕೂತವನು ಏಳುವುದನ್ನು. ಈ ಹೊತ್ತಿಗೆ ದೊಡ್ಡವರು ನಡುವೆ ಬಂದು ತೀರ್ಪು ಕೊಟ್ಟರೆ ಎರಡೂ ಪಾಠ ಕೆಟ್ಟವು.

ಮಕ್ಕಳು ಹೀಗೆ ತಮ್ಮತಮ್ಮಲ್ಲೇ ಕಲಿಯುವುದೇ ಸರ್ಕಾರಿ ಶಾಲೆಯ ನಲಿಕಲಿ ತರಗತಿಗೂ ಬೆನ್ನೆಲುಬು. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಕ್ರಮದಲ್ಲಿ ಒಂದರಿಂದ ಮೂರನೇ ಇಯತ್ತೆಯ ಮಕ್ಕಳು ಒಟ್ಟಿಗೆ ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುವುದೂ ಅಲ್ಲಿ ಕಲಿಕೆಯ ಭಾಗವೇ.

ಒಬ್ಬರ ಮಾತನ್ನು ಉಳಿದವರು ಕೇಳುವ ವಿಷಯ ಬಂದಾಗ ನಮ್ಮ ಸೀಮೆಯ ಮೈಲಾರದ ಜಾತ್ರೆಯೂ ನೆನಪಾಗುತ್ತದೆ. ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲೇರಿ "ಸದ್ದಲೇ" ಎಂದೊಡನೆ ಲಕ್ಷಾಂತರ ಜನ ಗಪ್‌ಚಿಪ್. ಮಕ್ಕಳಲ್ಲಿ ಒಬ್ಬರ ಕೈಗೆ ಬಿಲ್ಲಿನ ಬದಲು ಒಂದು ಬಡಿಗೆ ಕೊಟ್ಟು, "ಸದ್ದಲೇ" ಎಂದೊಡನೆ ಉಳಿದವರು ಸುಮ್ಮನಾಗುವ ಆಟ ಆಡಿಸಿ ನೋಡಿ. ಒಬ್ಬರ ಮಾತಿಗೆ ಎಲ್ಲರೂ ಕಿವಿಗೊಡುವ ಅಭ್ಯಾಸ ಬೇರೆ ಯಾವ ಉಪದೇಶದಿಂದಲೂ ಇಷ್ಟು ಬೇಗ ಬರದು.

ಇದೆಲ್ಲ ಹೆಚ್ಚು ಬೇಕಾದದ್ದು ನಮ್ಮ ತಾಂಡಾಗಳ ಮಕ್ಕಳಿಗೆ. ತಂದೆತಾಯಿ ಕಬ್ಬು ಕಡಿಯಲು ಮಂಡ್ಯದ ಕಡೆಗೋ ಕಾಫಿ ತೋಟಕ್ಕೋ ಗುಳೆ ಹೋದಾಗ ಜೊತೆಗೆ ಹೋದ ಮಗು, ತಿಂಗಳುಗಟ್ಟಲೆ ಬಿಟ್ಟು ತರಗತಿಗೆ ಬಂದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಪುಸ್ತಕ ಹಿಡಿದು ಮುದುಡಿ ಕೂತ ಆ ಮಗುವನ್ನು ಮೊದಲ ದಿನ ಪ್ರಶ್ನೆ ಕೇಳಬೇಡಿ, ಮೈದಾನಕ್ಕೆ ಬಿಡಿ. ಜೋಡಿಗೆ ಒಬ್ಬರು ಕಡಿಮೆಯಿದ್ದರೆ ಮಕ್ಕಳೇ ಕೈ ಹಿಡಿದು ಎಳೆದುಕೊಳ್ಳುತ್ತಾರೆ. ಬೇಸಿಗೆ ಶಿಬಿರ ನಡೆಸುವವರಲ್ಲೂ ನನ್ನ ಬೇಡಿಕೆ ಇಷ್ಟೇ: ಪಾರ್ಟಿ ನೀವು ಮಾಡಬೇಡಿ, ಸೀಟಿಯನ್ನು ಕಿಸೆಯಲ್ಲೇ ಇಟ್ಟುಕೊಳ್ಳಿ, ಕುಡಿಯುವ ನೀರು ಮತ್ತು ನೆರಳು ಮಾತ್ರ ತಪ್ಪದೆ ನೋಡಿಕೊಳ್ಳಿ.