ಒಡೆದ ಸೀಸೆ ಯಾರದು?

ಕೈಯಿಂದ ಕೈಗೆ ಕೊಡುವಾಗ ವಸ್ತು ಜಾರಿ ಬಿದ್ದರೆ ಜಗಳ ಅಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಯಾರ ಬೆರಳು ಸಡಿಲವಾಯಿತೆಂಬುದನ್ನು ಇಬ್ಬರೂ ಕಣ್ಣಾರೆ ಕಂಡಿರುತ್ತಾರೆ. ಆದರೆ ಕೊಡುವ ಕೈಗೂ ಕೊಳ್ಳುವ ಕೈಗೂ ನಡುವೆ ಮೂರು ಸಾವಿರ ಮೈಲಿಗಳ ಅಂತರವಿದ್ದು, ವಸ್ತು ಗಾಜಿನದಾಗಿದ್ದರೆ, ತಪ್ಪು ಯಾರದೆಂದು ಹೇಳಲು ಧರ್ಮರಾಯನೂ ಒಂದು ಗಳಿಗೆ ತಡವರಿಸಿಯಾನು.

ಅಮೆರಿಕದಲ್ಲಿ ಬೀರಿನ ರಸಿಕರದೊಂದು ಪಂಗಡವಿದೆ. ಅವರನ್ನು ಕುಡುಕರೆಂದು ಕರೆದರೆ ಅನ್ಯಾಯವಾದೀತು; ಅಂಚೆಚೀಟಿ ಸಂಗ್ರಹಿಸುವವರ ಕುಲಕ್ಕೆ ಸೇರಿದವರು ಅವರು. ಆ ದೇಶದಲ್ಲಿ 1933ರಲ್ಲಿ ಪಾನನಿರೋಧ ರದ್ದಾದ ಮೇಲೆ ಮದ್ಯದ ವಿಷಯದಲ್ಲಿ ಒಂದೊಂದು ರಾಜ್ಯವೂ ತನ್ನದೇ ಕಟ್ಟಳೆಗಳನ್ನು ಮಾಡಿಕೊಂಡಿತು. ಸಣ್ಣ ತಯಾರಕರ ಬೀರು ಅನೇಕ ವೇಳೆ ದೂರದ ರಾಜ್ಯಗಳನ್ನು ಮುಟ್ಟುವುದೇ ಇಲ್ಲ. ವರ್ಮಾಂಟಿನ ‘ಹೆಡಿ ಟಾಪರ್’ 2011ರಿಂದ ಡಬ್ಬಿಯಲ್ಲಿ ಬರುತ್ತಿದೆ. ಕ್ಯಾಲಿಫೋರ್ನಿಯದ ಸಾಂಟಾ ರೋಸಾದ ‘ಪ್ಲಿನಿ ದಿ ಎಲ್ಡರ್’ ಸೀಸೆಗಳಲ್ಲಿ ಹೆಸರು ಮಾಡಿತು. ಇಲ್ಲಿಯವನಿಗೆ ಅದರ ಆಸೆ, ಅಲ್ಲಿಯವನಿಗೆ ಇದರ ಆಸೆ. ಹೀಗೆ ಮುಖ ಕಾಣದ ಇಬ್ಬರು ಪೆಟ್ಟಿಗೆಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಹಣ ಕೈ ಬದಲಾಗುವುದಿಲ್ಲ, ನಂಬಿಕೆಯೊಂದೇ ನಾಣ್ಯ.

ಅಂಥದೊಂದು ವಿನಿಮಯವನ್ನು ಊಹಿಸಿಕೊಳ್ಳಬಹುದು. ವರ್ಮಾಂಟಿನ ಗೃಹಸ್ಥನೊಬ್ಬ ನಾಲ್ಕು ಡಬ್ಬಿಗಳನ್ನು ಕಳುಹಿಸುತ್ತಾನೆ. ಅವು ಸುಖವಾಗಿ ತಲಪುತ್ತವೆ. ಸಾಂಟಾ ರೋಸಾದವನು ನಾಲ್ಕು ಸೀಸೆಗಳನ್ನು ಕಳುಹಿಸುತ್ತಾನೆ. ಐದನೆಯ ದಿನ ವರ್ಮಾಂಟಿನ ಬಾಗಿಲಿಗೆ ಬಂದ ಪೆಟ್ಟಿಗೆಯ ತಳ ತೊಯ್ದಿದೆ. ಎತ್ತಿದರೆ ಒಳಗೆ ಗಾಜಿನ ಚೂರುಗಳ ಸದ್ದು. ಮೂರು ಸೀಸೆಗಳು ಪುಡಿಯಾಗಿವೆ. ಗೃಹಸ್ಥನ ಮನೆಯಲ್ಲಿ ಬೀರಿನ ವಾಸನೆ ತುಂಬಿತೇ ಹೊರತು ನಾಲಗೆಗೆ ತೊಟ್ಟೂ ದಕ್ಕಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಮಾತು ಇಂಥ ಸಮಯಕ್ಕೇ ಹುಟ್ಟಿರಬೇಕು.

“ನನ್ನ ಕೈಲಾದಷ್ಟು ಭದ್ರವಾಗಿಯೇ ಕಟ್ಟಿದ್ದೆ. ಸಾಗಿಸುವವರು ಎಸೆದಾಡಿದರೆ ನಾನೇನು ಮಾಡಲಿ?” ಎನ್ನುತ್ತಾನೆ ಕಳುಹಿಸಿದವನು.

“ನನ್ನ ಪಾಲು ನಿಮಗೆ ಮುಟ್ಟಿದೆ. ನಿಮ್ಮ ಪಾಲು ನನಗೆ ಮುಟ್ಟಿಲ್ಲ,” ಎನ್ನುತ್ತಾನೆ ಪಡೆಯಬೇಕಾದವನು.

ಎರಡು ಮಾತೂ ನಿಜವೇ. ಕಾನೂನಿನ ಬಾಗಿಲು ತಟ್ಟಿದರೆ ಉತ್ತರ ವಿಚಿತ್ರವಾಗಿದೆ. ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳೂ ಒಪ್ಪಿಕೊಂಡಿರುವ ವಾಣಿಜ್ಯ ಸಂಹಿತೆಯ ಪ್ರಕಾರ, ವಸ್ತುವಿಗೆ ವಸ್ತುವನ್ನೇ ಬೆಲೆಯಾಗಿ ಕೊಟ್ಟಾಗ ಇಬ್ಬರೂ ತಾವು ಕೊಡುವ ವಸ್ತುವಿನ ಮಟ್ಟಿಗೆ ಮಾರಾಟಗಾರರೇ. ಇಂಥ ಸ್ಥಳಕ್ಕೇ ಮುಟ್ಟಿಸುತ್ತೇನೆಂಬ ಕರಾರು ಇಲ್ಲದಿದ್ದರೆ, ಸರಕನ್ನು ಸಾಗಣೆಗಾರನಿಗೆ ಕ್ರಮವಾಗಿ ಒಪ್ಪಿಸಿದೊಡನೆ ನಷ್ಟದ ಭಯ ಕೊಳ್ಳುವವನ ಹೆಗಲೇರುತ್ತದೆ. ಇದು ಸಾಂಟಾ ರೋಸಾದವನಿಗೆ ಸಮಾಧಾನ ತರಬಹುದಾದ ಮಾತು. ಆದರೆ ಅವನು ಅದನ್ನು ಎತ್ತುವಂತಿಲ್ಲ. ಆ ದೇಶದಲ್ಲಿ ಸರ್ಕಾರಿ ಅಂಚೆಯ ಮೂಲಕ ಮದ್ಯ ಕಳುಹಿಸುವುದು ನಿಷಿದ್ಧ. ಖಾಸಗಿ ಸಾಗಣೆಯ ದೊಡ್ಡ ಕಂಪನಿಗಳು, ಪರವಾನಗಿಯುಳ್ಳ ವ್ಯಾಪಾರಿಗಳು ಒಪ್ಪಂದ ಮಾಡಿಕೊಂಡರೆ ಮಾತ್ರ ಅದನ್ನು ಮುಟ್ಟುತ್ತವೆ. ಆದ್ದರಿಂದ ರಸಿಕರ ಪೆಟ್ಟಿಗೆಯ ಮೇಲೆ ‘ಗಾಜಿನ ಸಾಮಾನು’ ಎಂದೋ ‘ಯೀಸ್ಟಿನ ಮಾದರಿ’ ಎಂದೋ ಬರೆದಿರುವುದುಂಟು. ಯೀಸ್ಟು ಒಳಗಿರುವುದು ಸುಳ್ಳಲ್ಲ. ಆದರೆ ಅರ್ಧ ನಿಜಕ್ಕೆ ವಿಮೆಯ ಹಣ ಹುಟ್ಟುವುದಿಲ್ಲ. ಕಳ್ಳನಿಗೆ ಚೇಳು ಕಡಿದಂತೆ ನೋವನ್ನು ನುಂಗಿಕೊಂಡು ಸುಮ್ಮನಿರಬೇಕು.

ನ್ಯಾಯಾಲಯವಿಲ್ಲದ ಕಡೆ ಜನ ತಾವೇ ನ್ಯಾಯವನ್ನು ಕಟ್ಟಿಕೊಳ್ಳುತ್ತಾರೆ. ಈ ರಸಿಕರಲ್ಲಿ ಬೆಳೆದು ಬಂದಿರುವ ರೂಢಿ ಕಾನೂನಿಗೆ ತಲೆಕೆಳಗು: ಪೆಟ್ಟಿಗೆ ಮನೆಯ ಬಾಗಿಲು ಸೇರುವವರೆಗೂ ಹೊಣೆ ಕಳುಹಿಸಿದವನದೇ. ಒಡೆದರೆ ಮತ್ತೆ ಕಳುಹಿಸಬೇಕು. ಅದೇ ಸಿಕ್ಕದಿದ್ದರೆ ಸಮನಾದದ್ದನ್ನು ಕೊಟ್ಟು ತೃಪ್ತಿಪಡಿಸಬೇಕು. ಮೇಲುನೋಟಕ್ಕೆ ಇದು ಕಠಿಣವೆನಿಸುತ್ತದೆ. ಎಸೆದವನು ಯಾರೋ, ತೆರುವವನು ಯಾರೋ! ಆದರೆ ಆಲೋಚಿಸಿದರೆ ಇದರೊಳಗೊಂದು ವಿವೇಕವಿದೆ. ಪಡೆಯುವವನು ದಾರಿಯುದ್ದಕ್ಕೂ ನಿಸ್ಸಹಾಯಕ. ಅಪಾಯವನ್ನು ತಪ್ಪಿಸಲು ಯಾರಿಗಾದರೂ ಸಾಧ್ಯವಿದ್ದರೆ ಅದು ಕಟ್ಟುವವನಿಗೆ ಮಾತ್ರ. ಒಂದೊಂದು ಸೀಸೆಯನ್ನೂ ಗುಳ್ಳೆಹಾಳೆಯಲ್ಲಿ ಪ್ರತ್ಯೇಕವಾಗಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪೆಟ್ಟಿಗೆಯ ಮೂಲೆಮೂಲೆಯನ್ನೂ ಕಾಗದದಿಂದ ತುಂಬಿ, ಅಲುಗಾಡಿಸಿದರೂ ಸದ್ದಾಗದಂತೆ ಮುಚ್ಚುವುದು ಅವನ ಕೈಯಲ್ಲಿದೆ. ವಾರದ ಕೊನೆಯಲ್ಲಿ ಉಗ್ರಾಣದಲ್ಲಿ ಕೊಳೆಯದಂತೆ ಸೋಮವಾರವೇ ಕಳುಹಿಸುವುದೂ, ಬಿರುಬೇಸಿಗೆಯನ್ನೂ ಕಡುಚಳಿಯನ್ನೂ ತಪ್ಪಿಸುವುದೂ ಅವನಿಗೇ ಸೇರಿದ್ದು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಬಹುಪಾಲು ನೀರೇ ಆದ ಬೀರು ಎಸೆಯದಿದ್ದರೂ ಸೀಸೆಯನ್ನು ಒಡೆದೀತು.

ಹಾಗೆಂದು ಪಡೆಯುವವನು ಕೈಕಟ್ಟಿ ಕುಳಿತು ನ್ಯಾಯ ಕೇಳುವಂತಿಲ್ಲ. ಪೆಟ್ಟಿಗೆಯನ್ನು ಬಂದ ದಿನವೇ ಬಿಚ್ಚಬೇಕು. ಒಡೆದದ್ದನ್ನು ಚಿತ್ರ ತೆಗೆದು ಒಡನೆ ತಿಳಿಸಬೇಕು. ಉಳಿದ ಒಂದು ಸೀಸೆಯನ್ನು ಉಳಿದಿದೆಯೆಂದೇ ಹೇಳಬೇಕು. ನಾಲ್ಕೂ ಒಡೆದವೆಂದು ಬರೆದರೆ ಮೂರು ಸಾವಿರ ಮೈಲಿ ದೂರದವನು ಬಂದು ನೋಡುವಂತಿಲ್ಲ. ನಿಜವಾದ ಪರೀಕ್ಷೆ ಇಲ್ಲಿಯೇ. ಗಾಜು ಒಡೆದದ್ದು ಸಾಗಿಸುವವರ ಕೈಯಲ್ಲಿ. ನಂಬಿಕೆ ಒಡೆಯುವುದು ಸ್ವಂತ ಕೈಯಲ್ಲಿ.

ವರ್ಮಾಂಟಿನ ಗೃಹಸ್ಥ ಒಂದು ಉಳಿದಿದೆಯೆಂದೇ ಬರೆದನೆನ್ನೋಣ. ಸಾಂಟಾ ರೋಸಾದವನು ಅದನ್ನು ಓದಿ ಸ್ವಲ್ಪ ಹೊತ್ತು ಗೊಣಗಿ, ಅಂಗಡಿಗೆ ಹೋಗಿ ಮತ್ತೆ ಮೂರು ಸೀಸೆ ಕೊಂಡು ತರುತ್ತಾನೆ. ಈ ಸಲ ಹಾಳೆಯನ್ನು ಎರಡು ಸುತ್ತು ಹೆಚ್ಚಾಗಿಯೇ ಸುತ್ತುತ್ತಾನೆ. ಮುಚ್ಚುವ ಮುನ್ನ ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. ಸದ್ದಿಲ್ಲ. ಕಟ್ಟಳೆಯ ಕಣ್ಣಿಗೆ ಆ ಪೆಟ್ಟಿಗೆ ಈಗಲೂ ತಪ್ಪೇ. ಆದರೆ ಒಬ್ಬನು ನಿಜ ಹೇಳಿದ, ಇನ್ನೊಬ್ಬನು ನಷ್ಟ ಹೊತ್ತ. ಅಷ್ಟರ ಮಟ್ಟಿಗೆ ಇಬ್ಬರ ಲೆಕ್ಕವೂ ಸರಿಯಾಗಿದೆ.